ಎಡಗಡೆ ಸೀಟಿನಿಂದ ಬಲಗಡೆ ಸೀಟಿಗೆ

ನಮ್ಮ ಮನೆಯಲ್ಲಿ ನ್ಯೂಜಿಲೆಂಡಿನ ಮಾತು ಎದ್ದದ್ದು ಹಸುಗಳ ಕಾರಣಕ್ಕೆ. ನಮ್ಮ ಯಜಮಾನರು, ಶಿವಣ್ಣ, ದುದ್ದದ ಬಳಿಯ ನಮ್ಮೂರಿನ ಹಾಲಿನ ಡೈರಿಗೆ ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದವರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನುಗಳ ಸಾಲಿನ ಮುಂದೆ ನಿಂತು, ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ಡಿಗ್ರಿ ನೋಡಿ, ನೀರು ಬೆರೆಸಿದವರ ಮುಖವನ್ನೂ ಒಮ್ಮೆ ನೋಡಿ, ಏನೂ ಅನ್ನದೆ ಆ ಕ್ಯಾನನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದರು. ಏನೂ ಅನ್ನದೆ ಇರುವುದು ಇವರ ಸ್ವಭಾವ. ಆ ಡೈರಿಯ ಗೋಡೆಯ ಮೇಲೆ ನ್ಯೂಜಿಲೆಂಡಿನ ಚಿತ್ರವಿದ್ದ ಒಂದು ಹಳೆಯ ಕ್ಯಾಲೆಂಡರಿತ್ತು. ಹಿಂದೆ ಹಿಮದ ಬೆಟ್ಟ, ಮುಂದೆ ಹಸಿರು ಬಯಲು, ಬಯಲ ತುಂಬ ಕಪ್ಪುಬಿಳಿ ಹಸುಗಳು. ವರ್ಷಗಳು ಉರುಳಿ ತಾರೀಖಿನ ಹಾಳೆಗಳೆಲ್ಲ ಹರಿದುಹೋದರೂ ಆ ಚಿತ್ರವನ್ನು ಮಾತ್ರ ಇವರು ತೆಗೆಯಲಿಲ್ಲ. ಕೆಲಸದಿಂದ ಬಿಡುಗಡೆಯಾದ ದಿನ ಅದನ್ನು ಸುತ್ತಿಕೊಂಡು ಮನೆಗೆ ತಂದು, "ಆ ಅಸುಗಳ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಕಣೆ" ಅಂದರು.

ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಹೋದ ವರ್ಷ ನನಗೂ ನಿವೃತ್ತಿಯಾಯಿತು. ಹಾಸನದಲ್ಲಿ ಕಾಲೇಜು ಮೇಷ್ಟ್ರಾಗಿರುವ ಮಗಳು ರಶ್ಮಿ ವೀಸಾ, ವಿಮಾನ, ಉಳಿಯುವ ಜಾಗ ಎಲ್ಲವನ್ನೂ ಗೊತ್ತುಮಾಡಿದಳು. ಗುಂಪಿನ ಜೊತೆ ಬಸ್ಸಿನಲ್ಲಿ ಹೋಗಲು ಇವರು ಒಪ್ಪಲಿಲ್ಲ. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತರೆ ಇವರಿಗೆ ನೆಮ್ಮದಿಯಿಲ್ಲ. ಹಾಗಾಗಿ ಬಾಡಿಗೆ ಕಾರು. ಇವರು ಓಡಿಸುವುದು, ನಾನು ಪಕ್ಕದಲ್ಲಿ ಕೂತು ದಾರಿ ನೋಡುವುದು ಎಂದಾಯಿತು. ಮೂವತ್ತನಾಲ್ಕು ವರ್ಷಗಳಿಂದ ನನ್ನ ಜಾಗ ಅದೇ, ಎಡಗಡೆ ಸೀಟು.

ಕ್ರೈಸ್ಟ್‌ಚರ್ಚ್

ವಿಮಾನದಲ್ಲಿ ತುಂಬಲು ಕೊಟ್ಟ ಚೀಟಿಯಲ್ಲಿ ಒಂದು ಪ್ರಶ್ನೆಯಿತ್ತು: ಕಳೆದ ಮೂವತ್ತು ದಿನಗಳಲ್ಲಿ ಹೊಲ, ತೋಟ, ದನದ ಕೊಟ್ಟಿಗೆಗೆ ಹೋಗಿದ್ದೀರಾ? ಇವರು ನನ್ನ ಕಡೆ ತಿರುಗಿ, ಊರು ಬಿಡುವ ಬೆಳಿಗ್ಗೆ ಕೂಡ ಗೌರಿಗೆ ಹುಲ್ಲು ಹಾಕಿಯೇ ಬಂದೆನಲ್ಲ, ಏನು ಬರೆಯಲಿ ಎಂದು ಕೇಳಿದರು. ಗೌರಿ ನಮ್ಮ ಹಸು. ಇದ್ದದ್ದನ್ನು ಬರೆಯಿರಿ ಅಂದೆ.

ಇದ್ದದ್ದನ್ನು ಬರೆದ ತಪ್ಪಿಗೆ ನಮ್ಮನ್ನು ಬೇರೆ ಸಾಲಿಗೆ ಕಳಿಸಿದರು. ಅಲ್ಲಿದ್ದ ಅಧಿಕಾರಿಣಿ ನನ್ನ ಮಗಳ ವಯಸ್ಸಿನವಳು. ಚಟ್ನಿಪುಡಿಯ ಡಬ್ಬ ತೆಗೆದು ಮೂಸಿ, ಸೀನಿ, ನಗುತ್ತಾ ವಾಪಸು ಕೊಟ್ಟಳು. ಹುರಳಿಕಾಳಿನ ಪೊಟ್ಟಣವನ್ನು ಮಾತ್ರ, ಇದು ನೆಲಕ್ಕೆ ಬಿದ್ದರೆ ಮೊಳೆಯುತ್ತದೆ ಎಂದು ಎತ್ತಿಟ್ಟುಕೊಂಡಳು. ಆಮೇಲೆ ಇವರ ಶೂಗಳನ್ನು ಬಿಚ್ಚಿಸಿ, ತಲೆಕೆಳಗು ಮಾಡಿ, ಅಟ್ಟೆಯ ಗೆರೆಗಳಲ್ಲಿ ಕಚ್ಚಿಕೊಂಡಿದ್ದ ಕೆಂಪು ಮಣ್ಣನ್ನು ನೋಡಿದಳು. ಒಳಗೆ ತೆಗೆದುಕೊಂಡು ಹೋಗಿ ಹತ್ತು ನಿಮಿಷದ ಮೇಲೆ ತೊಳೆದು, ಒರೆಸಿ, ಅಂಗಡಿಯಿಂದ ತಂದಂತೆ ಮಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು.

ಇವರು ಬರಿಯ ಕಾಲುಚೀಲದಲ್ಲಿ ನಿಂತು ಆ ಶೂಗಳನ್ನೇ ನೋಡಿದರು. ತಮ್ಮ ಶೂಗಳನ್ನು ಇನ್ನೊಬ್ಬರು, ಅದೂ ಒಬ್ಬ ಅಧಿಕಾರಿ, ತೊಳೆದುಕೊಟ್ಟದ್ದು ಇವರ ಜೀವನದಲ್ಲಿ ಅದೇ ಮೊದಲು. ಕೈ ಮುಗಿದುಬಿಟ್ಟರು. ಅವಳೂ ಕೈ ಮುಗಿದಳು.

ಬಾಡಿಗೆ ಕಾರಿಗೆ ಕ್ಲಚ್ಚಿರಲಿಲ್ಲ. ಇಲ್ಲದ ಕ್ಲಚ್ಚನ್ನು ಹುಡುಕುತ್ತಾ ಇವರ ಎಡಗಾಲು ಬ್ರೇಕನ್ನು ತುಳಿಯುತ್ತಿತ್ತು. ಕಾರು ಗಕ್ಕೆಂದು ನಿಂತು ನಮ್ಮಿಬ್ಬರ ಹಣೆಯೂ ಮುಂದಕ್ಕೆ ಹೋಗುತ್ತಿತ್ತು. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಏಳುತ್ತಿತ್ತು. ಚೂರೂ ಮಳೆಯಿಲ್ಲದ ನೀಲಿ ಆಕಾಶದ ಕೆಳಗೆ, ಪ್ರತಿ ತಿರುವಿನಲ್ಲೂ ಗಾಜು ಒರೆಸಿಕೊಳ್ಳುತ್ತಾ ನಾವು ಆ ಊರನ್ನು ದಾಟಿದೆವು.

ಟೆಕಾಪೊ

ಮೂರು ಗಂಟೆಯ ದಾರಿ ನಮಗೆ ಆರು ಗಂಟೆಯಾಯಿತು. ನವೆಂಬರ್ ಅಲ್ಲಿ ವಸಂತ. ರಸ್ತೆಯ ಎರಡೂ ಬದಿಗೆ ಲೂಪಿನ್ ಎಂಬ ಹೂವು, ನೇರಳೆ, ಗುಲಾಬಿ, ಬಿಳಿ, ಮೊಣಕಾಲೆತ್ತರ ಬೆಳೆದು ತೆನೆಯಂತೆ ನಿಂತಿತ್ತು. ಒಂದು ದಿಣ್ಣೆ ಹತ್ತಿ ಇಳಿದರೆ ಎದುರಿಗೆ ಟೆಕಾಪೊ ಸರೋವರ. ಆ ನೀಲಿಯನ್ನು ಹೇಗೆ ಹೇಳಲಿ? ಬಟ್ಟೆಗೆ ಹಾಕುವ ನೀಲಿಯನ್ನು ಹಾಲಿಗೆ ಕದಡಿದಂತಿತ್ತು. ಬೆಟ್ಟದ ಮೇಲಿನ ಹಿಮನದಿ ಬಂಡೆಯನ್ನು ನುಣ್ಣಗೆ ಅರೆಯುತ್ತದೆ, ಆ ಹಿಟ್ಟು ನೀರಿನಲ್ಲಿ ತೇಲುವುದರಿಂದ ಈ ಬಣ್ಣ ಎಂದು ನಾನು ಮೇಷ್ಟರಂತೆ ವಿವರಿಸಿದೆ. ಇವರು ಕೇಳಿಸಿಕೊಂಡು, ಗೊರೂರಿನ ಹಿನ್ನೀರನ್ನು ಮೊದಲ ಸಲ ನೋಡಿದ ದಿನ ನೆನಪಿದೆಯೇ ಎಂದು ಕೇಳಿದರು.

ನೆನಪಿತ್ತು. ಮದುವೆಯಾದ ಹೊಸತು. ಸ್ಕೂಟರಿನಲ್ಲಿ ಹೋಗಿದ್ದೆವು. ಬುತ್ತಿಯಲ್ಲಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ನೀರಿನ ಅಂಚಿನಲ್ಲಿ ಕೂತು ತಿಂದು, ಕೈ ತೊಳೆಯಲು ಹೋಗಿ ನನ್ನ ಒಂದು ಚಪ್ಪಲಿ ನೀರುಪಾಲಾಗಿ, ವಾಪಸು ಬರುವಾಗ ಒಂಟಿ ಚಪ್ಪಲಿಯಲ್ಲಿ ಕೂತಿದ್ದೆ. ಆಗ ನಾವಿಬ್ಬರೂ ಎಷ್ಟು ಮಾತಾಡುತ್ತಿದ್ದೆವು ಎನ್ನುವುದು ನೆನಪಾಗಿ ನನಗೇ ಆಶ್ಚರ್ಯವಾಯಿತು. ಸರೋವರದ ದಡದಲ್ಲಿ ಗಾಳಿ ಎಷ್ಟು ಜೋರಿತ್ತೆಂದರೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಮಾರ್ಗರೆಟ್ಟಳ ಹಟ್ಟಿ

ಮಾರನೆಯ ದಿನ ರಸ್ತೆಗೆ ಅಡ್ಡಲಾಗಿ ಹಸುಗಳು ಬಂದವು. ಹತ್ತಿಪ್ಪತ್ತಲ್ಲ, ಮೂರ್ನಾಲ್ಕು ನೂರು. ಒಂದು ಗೇಟಿನಿಂದ ಹೊರಟು ಎದುರಿನ ಗೇಟಿಗೆ, ಒಂದರ ಹಿಂದೆ ಒಂದು, ಪ್ರಾರ್ಥನೆ ಮುಗಿದು ತರಗತಿಗೆ ಹೋಗುವ ಮಕ್ಕಳಂತೆ. ಇವರು ಇಂಜಿನ್ ನಿಲ್ಲಿಸಿ ಇಳಿದೇ ಬಿಟ್ಟರು. ಹಿಂದೆ ಹಿಮದ ಬೆಟ್ಟವಿತ್ತು, ಮುಂದೆ ಹಸಿರಿತ್ತು. ಕ್ಯಾಲೆಂಡರಿನ ಚಿತ್ರದೊಳಗೆ ಇವರು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು, ಗಾಳಿಗೆ ಎಂದು ನಾನೂ ಅಂದುಕೊಂಡೆ.

ಹಸುಗಳ ಹಿಂದೆ ನಾಲ್ಕು ಚಕ್ರದ ಬೈಕಿನಲ್ಲಿ ಒಬ್ಬ ಹೆಂಗಸು ಬಂದಳು. ಹೆಸರು ಮಾರ್ಗರೆಟ್, ವಯಸ್ಸು ನನಗಿಂತ ನಾಲ್ಕೈದು ವರ್ಷ ಹೆಚ್ಚು. ಇವರು ತಮಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ, ನಾನೂ ಹಾಲಿನವನು ಎಂದು ಪರಿಚಯ ಹೇಳಿ, ಫ್ಯಾಟ್ ಎಷ್ಟು ಬರುತ್ತದೆ ಎಂದು ಕೇಳಿದರು. ಬೇರೆ ಪ್ರವಾಸಿಗಳು ಯಾರೂ ಆ ಪ್ರಶ್ನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಅವಳು ಜೋರಾಗಿ ನಕ್ಕು, ಮಧ್ಯಾಹ್ನ ಹಾಲು ಕರೆಯುವ ಹೊತ್ತಿಗೆ ಬನ್ನಿ ಅಂದಳು.

ಬಾಗಿಲಲ್ಲೇ ಔಷಧಿ ನೀರಿನಲ್ಲಿ ಕಾಲು ಅದ್ದಿಸಿ, ರಬ್ಬರಿನ ಉದ್ದ ಬೂಟು ಕೊಟ್ಟಳು. ಅವು ತೀರಿಹೋದ ಅವಳ ಗಂಡನವು. ಇವರ ಕಾಲಿಗೆ ಎರಡು ಸೈಜು ದೊಡ್ಡವು. ಒಳಗೆ ದೊಡ್ಡ ಕಣದಷ್ಟು ಅಗಲದ ಒಂದು ದುಂಡನೆಯ ಕಟ್ಟೆ ನಿಧಾನಕ್ಕೆ ಸುತ್ತುತ್ತಿತ್ತು. ಹಸುಗಳು ತಾವಾಗಿಯೇ ಹತ್ತಿ ನಿಲ್ಲುತ್ತಿದ್ದವು. ಕಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಯಂತ್ರ ಹಾಲು ಕರೆದು ಮುಗಿಸಿರುತ್ತಿತ್ತು. ಕಿವಿಯಲ್ಲಿ ನಂಬರಿನ ಚೀಟಿ. ಇವರು ಬಹಳ ಹೊತ್ತು ನೋಡಿ, ಇವಕ್ಕೆ ಹೆಸರಿಲ್ಲವೇ ಎಂದು ಕೇಳಿದರು. ಎಲ್ಲಕ್ಕೂ ಇಲ್ಲ, ಆದರೆ ಮೊಂಡು ಮಾಡುವವಕ್ಕೆ ಇದೆ ಎಂದು ಮಾರ್ಗರೆಟ್ ಉತ್ತರಿಸಿದಳು. ನಮ್ಮಲ್ಲೂ ಹಾಗೇ, ಹಾಯುವ ಹಸುವಿನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ ಎಂದು ಇವರು ಅನ್ನುವಷ್ಟರಲ್ಲಿ ಹಸುವೊಂದು ಗೇಟಿನಲ್ಲಿ ತಿರುಗಿ ನಿಂತಿತು. ಅಭ್ಯಾಸಬಲದಿಂದ ಹೇಯ್ ಎಂದು ಇವರು ಮುನ್ನುಗ್ಗಿದರು. ದೊಡ್ಡ ಬೂಟಿನೊಳಗೆ ಕಾಲು ತಿರುಗಿತು, ಒದ್ದೆ ನೆಲ ಜಾರಿತು. ಬಲಗೈ ಊರಿ ಬಿದ್ದರು.

ಹತ್ತಿರದ ಊರಿನ ವೈದ್ಯರ ಬಳಿಗೆ ಮಾರ್ಗರೆಟ್ ತನ್ನ ಗಾಡಿಯಲ್ಲೇ ಕರೆದುಕೊಂಡು ಹೋದಳು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿ, ಕೈಯನ್ನು ಕೊರಳಿಗೆ ತೂಗುಹಾಕಿ, ಕಾರು ಓಡಿಸುವಂತಿಲ್ಲ ಎಂದರು.

ಫೋನಿನಲ್ಲಿ ರಶ್ಮಿ ಎಲ್ಲವನ್ನೂ ರದ್ದು ಮಾಡುತ್ತೇನೆ, ಬಸ್ಸಿನಲ್ಲಿ ವಾಪಸು ಬನ್ನಿ, ಅಮ್ಮನಿಗಂತೂ ಡ್ರೈವಿಂಗ್ ಬರುವುದಿಲ್ಲ ಅಂದಳು. ಇವರು ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಾ, "ಬತ್ತದೆ. ಕಾರಿನ ಕಾಗದದಲ್ಲಿ ನಿಮ್ಮಮ್ಮನ ಎಸ್ರೂ ಬರ್ಸಿವ್ನಿ" ಅಂದರು.

ಬಾಡಿಗೆ ಕಾರಿನ ಕೌಂಟರಿನಲ್ಲಿ ಅವತ್ತು ನನ್ನ ಲೈಸೆನ್ಸನ್ನೂ ಇವರು ಕೇಳಿ ಇಸಿದುಕೊಂಡದ್ದು ಯಾಕೆಂದು ಆಗ ತಿಳಿಯಿತು.

ಹುಲ್ಲುಗಾವಲು

ಡ್ರೈವಿಂಗ್ ನನಗೆ ಮಗುವಿಗೆ ನಡಿಗೆ ಬಂದಂತೆ ಬಂದದ್ದು. ನನ್ನ ತವರು ಅರಕಲಗೂಡಿನ ಪಕ್ಕ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಬೇಲುಗಳನ್ನು ಜೀಪಿಗೆ ತುಂಬಿಕೊಂಡು ರಾಮನಾಥಪುರದ ಹರಾಜಿಗೆ ಹೋಗುವಾಗ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಕಾವೇರಿಯ ದಂಡೆಯ ಬಯಲಿನಲ್ಲಿ ಜೀಪು ಕಲಿಸಿದರು. ಮೊದಲು ಕಲಿಸಿದ್ದು ಹಿಂದಕ್ಕೆ ಓಡಿಸುವುದನ್ನು. ಮುಂದಕ್ಕೆ ಹೋಗುವುದು ತಾನಾಗಿ ಬರುತ್ತದೆ, ಹಿಂದಕ್ಕೆ ಬರಲು ತಲೆ ತಿರುಗಿಸಿ ನೋಡಬೇಕು ಮಗಾ ಅನ್ನುತ್ತಿದ್ದರು. ಲೈಸೆನ್ಸು ಸಿಕ್ಕ ದಿನ ಅಪ್ಪ ಪಕ್ಕದ ಸೀಟಿನಲ್ಲಿ ಕೂತು ನಿದ್ದೆ ಹೋದರು. ಅದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಆಮೇಲೆ ಯಾವ ಕೆಲಸಕ್ಕೂ ಸಿಕ್ಕಿಲ್ಲ.

ಮದುವೆಯಾಗಿ ಬಂದ ಮನೆಯಲ್ಲೂ ಒಂದು ಜೀಪಿತ್ತು. ಎರಡನೆಯ ವರ್ಷ, ಇವರಿಗೆ ಡೈರಿ ಬಿಟ್ಟು ಬರಲಾಗದ ದಿನ, ಜೀಪಿಗೆ ತೆಂಗಿನಕಾಯಿ ತುಂಬಿಕೊಂಡು ಚನ್ನರಾಯಪಟ್ಟಣಕ್ಕೆ ಹೊರಟೆ. ಹಿಂದೆ ಕಾಯಿಗಳ ಮೇಲೆ ಆಳು ನಿಂಗಯ್ಯ ಕೂತಿದ್ದ. ಶ್ರವಣಬೆಳಗೊಳದ ರಸ್ತೆ ಸೇರುವ ಇಳಿಜಾರಿನಲ್ಲಿ ಯಾತ್ರಿಕರ ಬಸ್ಸೊಂದು ಅಡ್ಡ ಬಂತು. ಬ್ರೇಕು ತುಳಿದೆ. ಜೀಪು ನಿಲ್ಲಲಿಲ್ಲ. ಬಸ್ಸಿಗೆ ತಪ್ಪಿಸಿ ಚರಂಡಿಗೆ ಇಳಿಸಿದೆ. ಕಾಯಿಗಳೆಲ್ಲ ರಸ್ತೆ ಪಾಲು. ನಿಂಗಯ್ಯ ಹಾರಿ ಬಿದ್ದು ಅವನ ಭುಜದ ಮೂಳೆ ಮುರಿಯಿತು.

ಹೆಂಗಸಿನ ಕೈಗೆ ಜೀಪು ಕೊಟ್ಟದ್ದಕ್ಕೇ ಹೀಗಾಯಿತು ಎಂದು ಊರೆಲ್ಲ ಅಂದರು. ಗಾಬರಿಯಲ್ಲಿ ನಾನು ಬ್ರೇಕನ್ನು ಸರಿಯಾಗಿ ತುಳಿಯಲಿಲ್ಲವೇನೋ ಎಂದು ನನಗೂ ಅನ್ನಿಸಿತು. ಇವರು ಏನೂ ಅನ್ನಲಿಲ್ಲ. ಜೀಪಿನ ಕೀಲಿಯನ್ನು ಮಾತ್ರ ತಮ್ಮ ಜೇಬಿಗೆ ಹಾಕಿಕೊಂಡರು. ನಾನೂ ಕೇಳಲಿಲ್ಲ. ನಿಂಗಯ್ಯನ ಎಡಭುಜ ಅವನು ಸಾಯುವ ತನಕ ಇಳಿದೇ ಇತ್ತು. ಎದುರಿಗೆ ಸಿಕ್ಕಾಗಲೆಲ್ಲ ನಾನು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದೆ. ಲೈಸೆನ್ಸನ್ನು ಪ್ರತಿ ಸಲವೂ ನವೀಕರಿಸಿಕೊಂಡದ್ದು ಯಾಕೋ ಹೇಳಲಾರೆ. ವಿಳಾಸದ ದಾಖಲೆಗೆ ಬೇಕಾಗುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದೆ.

ಇದನ್ನೆಲ್ಲ ಮಾರ್ಗರೆಟ್ಟಳಿಗೆ ಹೇಳಲಿಲ್ಲ. ಬಿಟ್ಟು ಬಹಳ ಕಾಲವಾಯಿತು, ಭಯವಾಗುತ್ತದೆ ಎಂದಷ್ಟೇ ಅಂದೆ. ಅವಳು ನಮ್ಮ ಕಾರನ್ನು ಒಂದು ದೊಡ್ಡ ಹುಲ್ಲುಗಾವಲಿಗೆ ತಂದು ನಿಲ್ಲಿಸಿ, ಇಲ್ಲಿ ಡಿಕ್ಕಿ ಹೊಡೆಯಲು ಹುಲ್ಲು ಬಿಟ್ಟರೆ ಏನೂ ಇಲ್ಲ ಎಂದು ಹೇಳಿ ತನ್ನ ಕೆಲಸಕ್ಕೆ ಹೊರಟುಹೋದಳು. ಎರಡು ಗಂಟೆ ನಾನು ಆ ಹುಲ್ಲಿನಲ್ಲಿ ಸುತ್ತಿದೆ. ಬೇಲಿಯ ಆಚೆ ಹಸುಗಳು ಸಾಲಾಗಿ ನಿಂತು ಮೆಲುಕು ಹಾಕುತ್ತಾ ನೋಡಿದವು. ಅವುಗಳ ಪಕ್ಕದಲ್ಲಿ, ಕೊರಳಿಗೆ ಕೈ ಕಟ್ಟಿಕೊಂಡು, ಇವರೂ ನಿಂತಿದ್ದರು.

ಲಿಂಡಿಸ್ ಕಣಿವೆ

ಬೆಳಿಗ್ಗೆ ಹೊರಟೆವು. ಮೊದಲ ಒಂದು ಗಂಟೆ ಸ್ಟಿಯರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬೆರಳಿನ ಗಿಣ್ಣುಗಳು ನೋಯತೊಡಗಿದವು. ಲಿಂಡಿಸ್ ಕಣಿವೆಯಲ್ಲಿ ಒಂದೂ ಮರವಿಲ್ಲ. ಬೆಟ್ಟಗಳ ಮೇಲೆಲ್ಲ ಒಣಗಿದ ಬಣ್ಣದ ಹುಲ್ಲು, ರಾಗಿ ಕೊಯ್ದ ಮೇಲಿನ ಹೊಲದಂತೆ. ಬೆಟ್ಟಗಳೇ ಮಡಿಕೆ ಮಡಿಕೆಯಾಗಿ ಒಂದರ ಹಿಂದೊಂದು ಮಲಗಿದ್ದವು. ಮೋಡದ ನೆರಳು ಅವುಗಳ ಮೇಲೆ ಜಾರುವುದನ್ನು ನೋಡುವ ಆಸೆ. ನೋಡಿದರೆ ರಸ್ತೆ ತಪ್ಪುವ ಭಯ. ಡ್ರೈವರುಗಳು ಪ್ರವಾಸದಲ್ಲಿ ಏನನ್ನೂ ನೋಡುವುದಿಲ್ಲ ಎಂಬುದು ನನಗೆ ಅವತ್ತು ತಿಳಿಯಿತು.

ಕನ್ನಡಿಯಲ್ಲಿ ನೋಡಿದರೆ ನನ್ನ ಹಿಂದೆ ಏಳೆಂಟು ಕಾರುಗಳು ಸಾಲುಗಟ್ಟಿದ್ದವು. ಯಾರೂ ಹಾರನ್ ಮಾಡುತ್ತಿರಲಿಲ್ಲ. ಆ ಮೌನವೇ ನನಗೆ ದೊಡ್ಡ ಬೈಗುಳದಂತೆ ಕೇಳಿಸಿತು. ರಸ್ತೆ ಸ್ವಲ್ಪ ಅಗಲವಾದ ಕಡೆ ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಒಂದೊಂದೇ ಕಾರು ದಾಟುತ್ತಾ ಪುಟ್ಟದಾಗಿ ಪೀಂ ಎಂದು ಹೋಯಿತು. ಈಗ ಬೈದರಲ್ಲ ಎಂದು ನನಗೆ ಅಳುವೇ ಬಂತು. ಕೊನೆಯ ಕಾರಿನ ಮುದುಕಿ ಕಿಟಕಿಯಿಂದ ಕೈಬೀಸಿ ನಕ್ಕಳು. ದಾರಿ ಬಿಟ್ಟವರಿಗೆ ಥ್ಯಾಂಕ್ಸ್ ಹೇಳುವ ಹಾರನ್ ಅದು ಎಂದು ಆಮೇಲೆ ಚಹಾ ಅಂಗಡಿಯವಳು ತಿಳಿಸಿದಳು. ನಮ್ಮ ಹಾಸನದ ಬಸ್‌ಸ್ಟ್ಯಾಂಡಿನ ಮುಂದೆ ಕೇಳುವ ಹಾರನ್ನುಗಳಲ್ಲೂ ಒಂದೆರಡು ಥ್ಯಾಂಕ್ಸ್ ಇದ್ದಿರಬಹುದು, ನಮಗೆ ಅರ್ಥವಾಗಲಿಲ್ಲವೇನೋ.

ಹಾಸ್ಟ್

ಪಶ್ಚಿಮ ಕರಾವಳಿಗೆ ಇಳಿಯುವ ಹೊತ್ತಿಗೆ ಮಳೆ ಹಿಡಿಯಿತು. ಒಣ ಬೆಟ್ಟಗಳು ಹೋಗಿ ಕಡುಹಸಿರು ಕಾಡು. ಎರಡೂ ಕಡೆಯ ಬಂಡೆಗಳ ಮೇಲಿಂದ, ಎಣಿಸಲಾಗದಷ್ಟು ಕಡೆ, ನೀರು ಬಿಳಿ ದಾರದಂತೆ ಇಳಿಯುತ್ತಿತ್ತು. ಅಲ್ಲಿಯ ಹೆದ್ದಾರಿಯಲ್ಲಿ ಸೇತುವೆಗಳು ಒಂದೇ ಗಾಡಿ ಹೋಗುವಷ್ಟು ಅಗಲ. ಬೋರ್ಡಿನಲ್ಲಿ ಎರಡು ಬಾಣಗಳಿರುತ್ತವೆ. ದೊಡ್ಡ ಬಾಣದವರು ಮೊದಲು ಹೋಗಬೇಕು, ಚಿಕ್ಕ ಕೆಂಪು ಬಾಣದವರು ಕಾಯಬೇಕು. ಪೊಲೀಸರಿಲ್ಲ, ದೀಪವಿಲ್ಲ. ಬಾಣ ನೋಡಿ ಜನ ತಾವಾಗಿ ನಿಲ್ಲುತ್ತಾರೆ.

ಏಳೆಂಟು ಸೇತುವೆಗಳನ್ನು ಸರಿಯಾಗಿ ದಾಟಿದೆ. ಒಂದರಲ್ಲಿ ಮಳೆಯ ನೀರಿಗೆ ಬೋರ್ಡು ಮಸುಕಾಗಿ, ಕೆಂಪು ಬಾಣವನ್ನು ಗಮನಿಸದೆ ನುಗ್ಗಿಬಿಟ್ಟೆ. ಅರ್ಧಕ್ಕೆ ಬಂದಾಗ ಎದುರಿಗೆ ಮರದ ದಿಮ್ಮಿ ಹೊತ್ತ ಉದ್ದನೆಯ ಲಾರಿ. ಅದರ ದೀಪಗಳು ಗಾಜಿನ ತುಂಬ ಹರಡಿಕೊಂಡವು. ಬ್ರೇಕು ತುಳಿದೆ. ಕಾರು ನಿಂತಿತು. ಲಾರಿಯೂ ನಿಂತಿತು. ಕೆಳಗೆ ಹೊಳೆ ಕೆಂಪಾಗಿ ಉಕ್ಕುತ್ತಿತ್ತು.

ಇವರು ಎಡಗೈಯಲ್ಲಿ ಬೆಲ್ಟು ಬಿಚ್ಚುತ್ತಾ, ತಾನು ಇಳಿದು ಹಿಂದೆ ನಿಂತು ದಾರಿ ತೋರಿಸುತ್ತೇನೆಂದರು.

"ಸುಮ್ನೆ ಕೂತ್ಕೊಳ್ಳಿ" ಅಂದೆ. ಮೂವತ್ತಾರು ವರ್ಷದ ಸಂಸಾರದಲ್ಲಿ ಇವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲಿರಬೇಕು.

ಹಿಂದಿನದನ್ನು ತೋರಿಸುವ ಪುಟ್ಟ ಪರದೆ ಮಳೆಹನಿಯಿಂದ ಏನೂ ಕಾಣದಂತಾಗಿತ್ತು. ಎಡಗೈಯನ್ನು ಪಕ್ಕದ ಸೀಟಿನ ಬೆನ್ನಿಗೆ ಹಾಕಿ, ಪೂರಾ ತಲೆ ತಿರುಗಿಸಿ, ಹಿಂದಿನ ಗಾಜಿನಲ್ಲಿ ಸೇತುವೆಯ ಎರಡು ಕಂಬಿಗಳ ನಡುವಿನ ಜಾಗವನ್ನೇ ನೋಡುತ್ತಾ ಹಿಂದಕ್ಕೆ ಬಿಟ್ಟೆ. ಕಾವೇರಿಯ ದಂಡೆ, ಬೇಲುಗಳ ಘಾಟು, ಪಕ್ಕದಲ್ಲಿ ಅಪ್ಪನ ಗೊರಕೆ, ಎಲ್ಲ ಒಟ್ಟಿಗೆ ಬಂದು ಕೂತವು. ಕಾರು ಗೆರೆ ಎಳೆದಂತೆ ಹಿಂದಕ್ಕೆ ಬಂದು ಸೇತುವೆಯ ಹೊರಗೆ, ಜಲ್ಲಿಯ ಮೇಲೆ ನಿಂತಿತು. ಲಾರಿಯವನು ದಾಟುವಾಗ ಹೆಬ್ಬೆರಳು ಎತ್ತಿ ತೋರಿಸಿದ.

ನನಗೆ ನಗು ಬರುತ್ತಿತ್ತು. ಇವರ ಮುಖ ನೋಡಿದರೆ ಬೆವರಿತ್ತು. ಇವರು ಎಡಗೈಯಿಂದ ಮುಖ ಒರೆಸಿಕೊಂಡು, ಗಾಜಿನ ಮೇಲಿನ ವೈಪರನ್ನೇ ನೋಡುತ್ತಾ ಮಾತಾಡಿದರು.

"ವಿಮಲಾ, ಅವತ್ತು ಜೀಪಿನ ಬ್ರೇಕು ಇಡೀತಿರ್ಲಿಲ್ಲ. ನಂಗೊತ್ತಿತ್ತು."

ಮೊದಲು ನನಗೆ ಯಾವ ಜೀಪು ಎಂದೇ ಹೊಳೆಯಲಿಲ್ಲ.

"ಎಲ್ಡ್ ದಿನದಿಂದ ಗೊತ್ತಿತ್ತು. ರಿಪೇರಿಗ್ ಬಿಡಾನ, ನಾಳೆ ಬಿಡಾನ ಅಂತಿದ್ದೆ. ನೀನು ಓಗ್ತೀನಿ ಅಂದಾಗ ಮರ್ತೇ ಓಯ್ತು. ಆಮ್ಯಾಕೆ ಎಲ್ರೂ ನಿನ್ ಮ್ಯಾಲೆ ಆಕುದ್ರು. ನಾನು ಬಾಯಿ ಮುಚ್ಕೊಂಡೆ."

"ನಿಂಗಯ್ಯ ಎದುರಿಗೆ ಬಂದಾಗೆಲ್ಲ ನಾನು ತಲೆ ತಗ್ಗಿಸ್ತಿದ್ದೆ. ಅದು ನಿಮಗೆ ಕಾಣ್ತಿತ್ತಾ?"

"ಕಾಣ್ತಿತ್ತು. ನಿಂಗಯ್ಯಂಗೂ ಬ್ರೇಕಿನ್ ಇಸ್ಯ ಗೊತ್ತಿತ್ತು ಕಣೆ. ಸಾಯೋಕ್ ಮುಂಚೆ ಯೋಳ್ದ, 'ಅಮ್ಮಾರಿಗೆ ಯೋಳ್ಬುಡಿ ಸಾ' ಅಂತ. ಅವಾಗ್ಲೂ ಯೋಳ್ಲಿಲ್ಲ."

ನಾನು ಕಾರಿನಿಂದ ಇಳಿದೆ. ಮಳೆ ಸ್ವಲ್ಪ ತೆಳುವಾಗಿತ್ತು. ಆ ಕರಾವಳಿಯಲ್ಲಿ ಸ್ಯಾಂಡ್‌ಫ್ಲೈ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೊಣಗಳಿವೆ, ಕಚ್ಚಿದರೆ ವಾರಗಟ್ಟಲೆ ತುರಿಕೆ. ಅವು ನನ್ನ ಕತ್ತು, ಕೈ ಎಲ್ಲ ಕಚ್ಚುತ್ತಿದ್ದರೂ ನಿಂತೇ ಇದ್ದೆ. ಜೋರಾಗಿ ಬೈಯಬೇಕೆಂದಿತ್ತು. ಮೂವತ್ತನಾಲ್ಕು ವರ್ಷಕ್ಕೆ ಎಲ್ಲಿಂದ ಶುರುಮಾಡುವುದು? ಶಾಲೆಗೆ ಹೋಗಲು ಬಸ್ಸಿಗೆ ಕಾದ ಬೆಳಗುಗಳಿದ್ದವು. ಅಪ್ಪನಿಗೆ ಎದೆನೋವು ಬಂದ ದಿನ, ಮನೆಯಲ್ಲಿ ಜೀಪು ನಿಂತಿದ್ದರೂ ಇವರು ಬರಲೆಂದು ಕಾದದ್ದಿತ್ತು. ಸೇರುವಷ್ಟರಲ್ಲಿ ಅಪ್ಪನಿಗೆ ಮಾತು ನಿಂತಿತ್ತು. ಕೀಲಿ ಇವರ ಜೇಬಿನಲ್ಲಿತ್ತು. ಅದನ್ನು ಕೇಳುವ ಧೈರ್ಯ ನನ್ನಲ್ಲಿರಲಿಲ್ಲ, ಯಾಕೆಂದರೆ ನಾನು ನಿಂಗಯ್ಯನ ಭುಜ ಮುರಿದವಳು.

ವಾಪಸು ಬಂದು ಕೂತೆ. ಬೋರ್ಡನ್ನು ಈ ಸಲ ಸರಿಯಾಗಿ ನೋಡಿ, ಎದುರಿಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸೇತುವೆ ದಾಟಿದೆ. ಅವತ್ತೂ ಮಾರನೆಯ ದಿನವೂ ನಾನು ಮಾತಾಡಲಿಲ್ಲ. ಹಸಿವಾದಾಗ ನಿಲ್ಲಿಸಿದೆ, ಇವರ ತಟ್ಟೆಯ ಬ್ರೆಡ್ಡನ್ನು ಕತ್ತರಿಸಿ ಕೊಟ್ಟೆ, ಅಂಗಿಯ ಗುಂಡಿ ಹಾಕಿದೆ. ಮಾತು ಮಾತ್ರ ಬರಲಿಲ್ಲ. ಎಡಗಡೆ ಸಮುದ್ರ ಬೂದು ಬಣ್ಣದಲ್ಲಿ ಉದ್ದಕ್ಕೂ ಜೊತೆಗೆ ಬಂತು.

ಆರ್ಥರ್ಸ್ ಪಾಸ್

ಮೂರನೆಯ ದಿನ ಬೆಟ್ಟ ಹತ್ತಿ, ದೇಶದ ಆ ಬದಿಯಿಂದ ಈ ಬದಿಗೆ ಬಂದೆವು. ಮೇಲೆ ಒಂದು ಚಹಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದೆ. ಇವರು ಕಾರಿನ ಹತ್ತಿರವೇ ಉಳಿದರು. ಗಾಜಿನಿಂದ ನೋಡಿದರೆ ಕಾರಿನ ಮೇಲೆ ಹೇಂಟೆಯಷ್ಟು ದೊಡ್ಡ ಹಸಿರು ಗಿಳಿ ಕೂತಿತ್ತು. ಕಿಯಾ ಎಂದು ಅದರ ಹೆಸರು, ಹಿಮದಲ್ಲೂ ಬದುಕುವ ಗಿಳಿ. ಅದು ವೈಪರಿನ ರಬ್ಬರನ್ನು ಕೊಕ್ಕಿನಲ್ಲಿ ಹಿಡಿದು, ಕಾಲು ಊರಿ, ನೆನೆದ ಅವರೆಯ ಸಿಪ್ಪೆ ಸುಲಿದಂತೆ ನೀಟಾಗಿ ಸುಲಿಯುತ್ತಿತ್ತು. ಇವರು ಒಂದೇ ಕೈ ಬೀಸುತ್ತಾ ಉಶ್ ಉಶ್ ಅನ್ನುತ್ತಿದ್ದರು. ಗಿಳಿ ತಲೆ ವಾರೆ ಮಾಡಿ ಇವರನ್ನು ನೋಡಿ, ಮತ್ತೆ ಸುಲಿಯತೊಡಗಿತು. ಇನ್ನೊಂದು ಗಿಳಿ ನೆಲದ ಮೇಲೆ ನಡೆದುಕೊಂಡು ಬಂದು ಇವರ ಶೂ ಲೇಸನ್ನು ಎಳೆಯಿತು. ಇದನ್ನು ಓಡಿಸಿದರೆ ಅದು, ಅದನ್ನು ಓಡಿಸಿದರೆ ಇದು. ಕೊನೆಗೆ ಇವರು ನಿಂತು, ಡೈರಿಯಲ್ಲಿ ನೀರು ಬೆರೆಸಿದವರನ್ನು ನೋಡುತ್ತಿದ್ದ ಅದೇ ಮುಖದಿಂದ, ಏನೂ ಅನ್ನದೆ, ಗಿಳಿಯನ್ನು ದಿಟ್ಟಿಸಿದರು. ಗಿಳಿಯೂ ದಿಟ್ಟಿಸಿತು.

ಚಹಾ ನನ್ನ ಮೂಗಿಗೆ ಹತ್ತಿತು. ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಹೊರಗೆ ಬಂದಾಗ ಇವರು ಕೈಯಲ್ಲಿ ಅರ್ಧ ರಬ್ಬರು ಹಿಡಿದುಕೊಂಡು ನಿಂತಿದ್ದರು.

"ರಶ್ಮಿಗೆ ನೀವೇ ಹೇಳ್ಬೇಕು" ಅಂದೆ. ಎರಡು ದಿನದ ಮೇಲೆ ನಾನಾಡಿದ ಮೊದಲ ಮಾತು.

ಇವರು ಅಲ್ಲೇ, ಆ ಗಿಳಿಗಳ ಮುಂದೆಯೇ ಫೋನು ಮಾಡಿದರು. ಊರಿನಲ್ಲಿ ಆಗ ಬೆಳಗಿನ ಹೊತ್ತು. ಬ್ರೇಕಿನ ವಿಷಯ, ನಿಂಗಯ್ಯನ ವಿಷಯ, ತಾನು ಬಾಯಿ ಮುಚ್ಚಿಕೊಂಡ ವಿಷಯ, ಒಂದನ್ನೂ ಬಿಡದೆ ಹೇಳಿದರು. ನಿಮ್ಮಮ್ಮನಿಗೆ ಗಾಡಿ ಬರುವುದಿಲ್ಲ ಎಂದು ನೀನು ಚಿಕ್ಕಂದಿನಿಂದ ಕೇಳಿದ್ದು ಸುಳ್ಳು, ನನಗಿಂತ ಚೆನ್ನಾಗಿ ಬರುತ್ತದೆ ಅಂದರು. ಆಮೇಲೆ ರಶ್ಮಿ ಅಮ್ಮನಿಗೆ ಕೊಡಿ ಅಂದಳು. ಅವಳು ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟರಿಂದ ಎಲ್ಲ ಸರಿಹೋಯಿತು ಎಂದಲ್ಲ. ಅಪ್ಪನ ಮಾತು ನಿಂತುಹೋದ ಆ ಸಂಜೆಯನ್ನು ಯಾವ ಫೋನೂ ವಾಪಸು ತರುವುದಿಲ್ಲ. ಆದರೂ ಇಳಿಜಾರಿನಲ್ಲಿ ಇವರು ಮಾತಾಡುತ್ತಾ ಬಂದರು. ನನ್ನ ಅಪ್ಪನ ಬಗ್ಗೆ, ಅವರ ಜೀಪಿನ ಬಗ್ಗೆ, ಹೆಣ್ಣು ನೋಡಲು ಬಂದ ದಿನ ಅಂಗಳಕ್ಕೆ ಜೀಪು ತಂದು ನಿಲ್ಲಿಸಿ ಇಳಿದವಳು ನಾನೇ ಎಂದು ತಿಳಿದು ತಮಗೆ ಬೆರಗಾದ ಬಗ್ಗೆ. ಆ ಬೆರಗನ್ನು ಇವರು ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ.

ಮತ್ತೆ ಕ್ರೈಸ್ಟ್‌ಚರ್ಚ್

ವಿಮಾನ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಇವರು ಒಂದೇ ಕೈಯಲ್ಲಿ ಬಟ್ಟೆ ಮಡಿಸುತ್ತಿದ್ದಾಗ ನಾನು ಕಾರಿನ ಕೀಲಿ ತೆಗೆದುಕೊಂಡು, ಸ್ವಲ್ಪ ಹೊರಗೆ ಹೋಗಿ ಬರುತ್ತೇನೆ ಅಂದೆ. ಜೊತೆಗೆ ಬರಲೇ ಎನ್ನುವಂತೆ ಇವರು ತಲೆ ಎತ್ತಿದರು. ಮತ್ತೆ ಬಟ್ಟೆ ಮಡಿಸತೊಡಗಿದರು.

ಊರಿನ ದಕ್ಷಿಣಕ್ಕೆ ಗುಡ್ಡಗಳ ನೆತ್ತಿಯ ಮೇಲೆ ಒಂದು ರಸ್ತೆ ಹೋಗುತ್ತದೆ. ಒಂದು ಕಡೆ ಊರು, ಬಯಲು, ದೂರದಲ್ಲಿ ಹಿಮದ ಸಾಲು. ಇನ್ನೊಂದು ಕಡೆ ಗುಡ್ಡಗಳ ನಡುವೆ ಒಳನುಗ್ಗಿದ ಸಮುದ್ರ. ಕಿಟಕಿ ಇಳಿಸಿ ಓಡಿಸಿದೆ. ಎಡಗಡೆ ಸೀಟು ಖಾಲಿಯಿತ್ತು. ಯಾರಿಗೂ ದಾರಿ ಹೇಳುವುದಿರಲಿಲ್ಲ, ಯಾರನ್ನೂ ಕೇಳುವುದಿರಲಿಲ್ಲ. ನಿಲ್ಲಿಸಬೇಕು ಅನ್ನಿಸಿದ ಕಡೆ ನಿಲ್ಲಿಸಿದೆ, ಹೋಗಬೇಕು ಅನ್ನಿಸಿದಾಗ ಹೊರಟೆ. ಬೆಟ್ಟದ ಮೇಲಿನ ಮೋಡದ ನೆರಳನ್ನು ಈ ಸಲ ನೋಡಿದೆ, ರಸ್ತೆಯೂ ತಪ್ಪಲಿಲ್ಲ.

ನೆತ್ತಿಯಲ್ಲಿ ಕಾರು ನಿಲ್ಲಿಸಿ ಸಮುದ್ರ ನೋಡುತ್ತಿದ್ದಾಗ, ನಾಯಿ ಓಡಾಡಿಸುತ್ತಿದ್ದ ಒಬ್ಬ ಹೆಂಗಸು ಗುಡ್ ಮಾರ್ನಿಂಗ್ ಹೇಳಿ, ಒಬ್ಬರೇ ಬಂದಿರಾ ಎಂದು ಕೇಳಿದಳು.

ಹೌದು, ಒಬ್ಬಳೇ ಬಂದೆ ಅಂದೆ. ಅವಳಿಗೆ ಅದು ಸಾಮಾನ್ಯ ಉತ್ತರ. ನಾಯಿಯನ್ನು ಕರೆದುಕೊಂಡು ಮುಂದೆ ಹೋದಳು.

ವಾಪಸು ಬಂದಾಗ ಇವರು ಪೆಟ್ಟಿಗೆಗಳನ್ನು ಬಾಗಿಲ ಮುಂದೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಎಲ್ಲಿಗೆ ಹೋಗಿದ್ದೆ, ಯಾಕಿಷ್ಟು ಹೊತ್ತು ಎಂದು ಕೇಳಲಿಲ್ಲ.

"ಬಂದ್ಯಾ" ಅಂದರು.

"ಬಂದೆ" ಅಂದೆ.